ಕುಲ್ಸುಮ್‌ಗೆಂದು ಇಟ್ಟ ಗುಲ್ಕಂದ್

ಮಧುಗಿರಿಯಲ್ಲಿ ಬೆಟ್ಟಕ್ಕೆ ಮುಖ ಮಾಡಿ ನಿಂತಿದ್ದ ಸರ್ಕಾರಿ ಬಂಗಲೆಯಲ್ಲಿ ಹಬೀಬ್ ಸಾಬ್ ಇಪ್ಪತ್ತು ವರ್ಷಕ್ಕೂ ಮೇಲೆ ಮಾಲಿಯಾಗಿದ್ದ. ತನಿಖೆಗೆ ಬಂದ ಅಧಿಕಾರಿಗಳು ಒಂದೆರಡು ದಿನ ಇಳಿದುಕೊಂಡು ಹೋಗುವ ಬಂಗಲೆ ಅದು. ಹಿಂದುಗಡೆ ಒಂದು ಬಾವಿ, ಬಾವಿಯಾಚೆ ಎರಡು ಕೋಣೆಯ ಹೆಂಚಿನ ಮನೆ. ಆ ಮನೆಯಲ್ಲಿ ಹಬೀಬ್ ಸಾಬ್, ಅವನ ಹೆಂಡತಿ ಚಾಂದ್ ಬಿ, ಮಗಳು ಕುಲ್ಸುಮ್ ಇದ್ದರು. ಕುಲ್ಸುಮ್‌ಗಿಂತ ಮುಂಚೆ ಒಂದು, ಅವಳಾದ ಮೇಲೆ ಒಂದು ಹುಟ್ಟಿ, ಎರಡೂ ಉಳಿದಿರಲಿಲ್ಲ.

ಬರೀ ನೋಡುವುದಕ್ಕೆ ಅಂತ ಗಿಡ ಬೆಳೆಸುವುದು ಹಬೀಬ್ ಸಾಬ್‌ಗೆ ಒಗ್ಗುತ್ತಿರಲಿಲ್ಲ. ಸಿರಾ ಕಡೆಯ ಹಳ್ಳಿಯಲ್ಲಿ ಹಸಿವು ಕಂಡು ಬೆಳೆದವನು. ಗೇಟಿನಿಂದ ಮೆಟ್ಟಿಲವರೆಗೆ ದಾರಿಯ ಎರಡೂ ಪಕ್ಕ ರಕ್ತದ ಬಣ್ಣದ ಕೆಂಪು ದಂಟು ಸಾಲಾಗಿ ನಿಲ್ಲಿಸಿದ್ದ. ಪೋರ್ಟಿಕೋದ ಕಂಬಗಳಿಗೆ ಬಸಳೆ ಬಳ್ಳಿ ಹಬ್ಬಿಸಿದ್ದ. ಪಾತಿಗಳ ಅಂಚಿಗೆಲ್ಲ ದೊಡ್ಡಪತ್ರೆ. ಕೋಳಿಜುಟ್ಟಿನ ಹೂವು ಸಾಹೇಬರ ಮೇಜಿಗೆ ಹೋದರೆ, ಅದರ ಎಳೆ ಎಲೆ ಅಡುಗೆಮನೆಗೆ ಹೋಗುತ್ತಿತ್ತು. ಹೊರಗಿನಿಂದ ಬಂದವರು ಎಷ್ಟು ಚೆಂದದ ಹೂದೋಟ ಅನ್ನುತ್ತಿದ್ದರು. ಬಂಗಲೆಯ ಅಡುಗೆಯವನು ಸಂಜೀವಯ್ಯ ಮಾತ್ರ, "ಸಾಬ್ರೇ, ನಿಮ್ಮ ತೋಟದಾಗೆ ಕಳೆ ಕಿತ್ರೂ ಒಂದು ಹೊತ್ತಿನ ಸಾರಾಯ್ತದೆ ಕಣ್ರೀ" ಅಂತ ನಗುತ್ತಿದ್ದ.

ಬಾವಿಯ ಪಕ್ಕದ ಪಾತಿ ಒಂದೇ ಹಬೀಬ್ ಸಾಬ್ ಹಾಕಿದ್ದಲ್ಲ. ಅದು ಕುಲ್ಸುಮ್ ಹಾಕಿದ್ದು. ಹದಿನಾಲ್ಕು ವರ್ಷದವಳಿದ್ದಾಗ ಸಿರಾದಲ್ಲಿದ್ದ ತಾಯಿಯ ತಂದೆಯ ಮನೆಗೆ ಹೋಗಿದ್ದವಳು, ಅಲ್ಲಿನ ಹಿತ್ತಲಿನ ಪನ್ನೀರು ಗುಲಾಬಿಯ ಹನ್ನೆರಡು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಹನ್ನೆರಡೂ ಚಿಗುರಿದವು. ಪನ್ನೀರು ಗುಲಾಬಿ ವರ್ಷವೆಲ್ಲ ಹೂ ಬಿಡುವ ಗಿಡವಲ್ಲ. ಚಳಿ ಮುಗಿಯುತ್ತಾ ಬಂದಾಗ ಒಂದೆರಡು ತಿಂಗಳು ಗಿಡ ಕಾಣದ ಹಾಗೆ ಬಿಡುತ್ತದೆ, ಆಮೇಲೆ ಬರೀ ಮುಳ್ಳು. ಆ ಒಂದೆರಡು ತಿಂಗಳು ತಾಯಿ ಮಗಳು ಇಬ್ಬರೂ ಬಿಸಿಲೇರುವ ಮುಂಚೆ ಹೂ ಬಿಡಿಸಿ, ಎಸಳುಗಳನ್ನು ಪಂಚೆಯ ಮೇಲೆ ಹರಡಿ ಇಬ್ಬನಿ ಆರಿಸಿ, ಸಕ್ಕರೆ ಹಾಕಿ ಕೈಯಲ್ಲಿ ಹದವಾಗಿ ಕಿವುಚಿ, ಪಿಂಗಾಣಿ ಜಾಡಿಗೆ ಪದರ ಪದರವಾಗಿ ತುಂಬುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿ ನಲವತ್ತು ದಿನ ಬಿಸಿಲಿಗಿಟ್ಟರೆ ಗುಲ್ಕಂದ್. ಕುಲ್ಸುಮ್ ನಲವತ್ತು ದಿನ ಕಾಯುತ್ತಿರಲಿಲ್ಲ. ಇಪ್ಪತ್ತನೇ ದಿನಕ್ಕೇ ಬೆರಳು ಅದ್ದುತ್ತಿದ್ದಳು.

ಐವತ್ತೈದರಲ್ಲಿ ಅವಳ ಮದುವೆಯಾಯಿತು. ಗಂಡ ನಿಯಾಜ್ ಅಹಮದ್ ಚಾಂದ್ ಬಿಯ ಸಂಬಂಧದಲ್ಲೇ ಹುಡುಗ, ಬೊಂಬಾಯಿಯಲ್ಲಿ ಮೋಟಾರು ರಿಪೇರಿ ಕೆಲಸ. ಮಾರನೇ ವರ್ಷವೇ ಅವನ ಅಣ್ಣಂದಿರು ಕರೆಸಿಕೊಂಡರು ಅಂತ ಹೆಂಡತಿಯನ್ನು ಕಟ್ಟಿಕೊಂಡು ಕರಾಚಿಗೆ ಹೋದ. ಕರಾಚಿ ಅಂದರೆ ಎಷ್ಟು ದೂರ ಅಂತ ಚಾಂದ್ ಬಿಗೆ ಆಗ ಗೊತ್ತಿರಲಿಲ್ಲ. ಬೊಂಬಾಯಿಯಿಂದ ಇನ್ನೊಂದು ಬಸ್ಸು ಹಿಡಿದರೆ ಸಿಗಬಹುದು ಅಂದುಕೊಂಡಿದ್ದಳು.

ಕುಲ್ಸುಮ್ ಒಂದೇ ಒಂದು ಸಲ ಬಂದಳು, ಐವತ್ತೊಂಬತ್ತರ ಫೆಬ್ರವರಿಯಲ್ಲಿ. ಗುಲಾಬಿ ಹೂ ಬಿಟ್ಟಿತ್ತು. ತಾನೇ ಬಿಡಿಸಿದಳು, ತಾನೇ ಕಿವುಚಿದಳು, ಹೊಸ ಜಾಡಿಯ ತಳಕ್ಕೆ ತಾನೇ ಒತ್ತಿ ಒತ್ತಿ ತುಂಬಿದಳು. ಆದರೆ ಅದು ಬಿಸಿಲಿನಲ್ಲಿ ಹದವಾಗುವ ಮುಂಚೆಯೇ ವೀಸಾದ ದಿನ ಮುಗಿಯಿತು.

"ಅಮ್ಮೀ, ಇದನ್ನ ಯಾರಿಗೂ ಕೊಡಬೇಡ. ಮುಂದಿನ ಸಲ ಬಂದಾಗ ನಾನೇ ತಗೊಂಡ್ಹೋಗ್ತೀನಿ" ಅಂದು ಹೋದಳು.

ಮುಂದಿನ ಸಲ ಬರಲೇ ಇಲ್ಲ. ಮಾರನೇ ವರ್ಷ ಗಂಡುಮಗುವಾಯಿತು, ಮಕ್ಸೂದ್ ಅಂತ ಹೆಸರಿಟ್ಟೆವು ಅಂತ ಕಾಗದ ಬಂತು. ಚಾಂದ್ ಬಿ ಪ್ರತಿ ವರ್ಷ ಹೂವಿನ ಕಾಲದಲ್ಲಿ ಆ ಜಾಡಿಯಲ್ಲಿ ಮಗಳು ತುಂಬಿದ್ದ ಪದರದ ಮೇಲೆ ಇನ್ನೊಂದು ಪದರ ಹಾಕುತ್ತಾ ಹೋದಳು. ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಜಾಡಿಗೆ ಬೇಕು ಅಂತ ಮನೆಯಲ್ಲಿ ಚಹಾಕ್ಕೆ ಬೆಲ್ಲ ಹಾಕುತ್ತಿದ್ದಳು. ಹಬೀಬ್ ಸಾಬ್ ಬೆಲ್ಲದ ಚಹಾ ಕುಡಿದೇ ಆರು ವರ್ಷ ಕಳೆದ. ಅರವತ್ತೈದರ ಬೇಸಿಗೆಯಲ್ಲಿ ಮತ್ತೊಂದು ಕಾಗದ ಬಂತು. ಚಳಿಗಾಲಕ್ಕೆ ಬರುತ್ತೇನೆ, ಮಕ್ಸೂದ್‌ನನ್ನೂ ಕರೆತರುತ್ತೇನೆ, ಗುಲ್ಕಂದ್ ವಿಷಯ ಹೇಳಿ ಹೇಳಿ ಅವನಿಗೂ ಆಸೆ ಹುಟ್ಟಿಸಿದ್ದೇನೆ ಅಂತ ಬರೆದಿದ್ದಳು.

ಆಮೇಲೆ ಯುದ್ಧ ಶುರುವಾಯಿತು. ಕಾಗದ ನಿಂತುಹೋಯಿತು. ಸೆಪ್ಟೆಂಬರಿನಲ್ಲಿ ಒಬ್ಬ ಪೊಲೀಸಿನವನು ಬಂಗಲೆಗೆ ಬಂದು, ಇಲ್ಲಿ ಯಾರಿಗಾದರೂ ಆ ದೇಶದಿಂದ ಟಪಾಲು ಬರುತ್ತಾ ಅಂತ ವಿಚಾರಿಸಿಕೊಂಡು ಹೋದ. ಗದರಿಸಲಿಲ್ಲ, ಕೇಳಿದ ಅಷ್ಟೇ. ಅವನು ಹೋದ ಮೇಲೆ ಸಂಜೀವಯ್ಯ ಹಬೀಬ್ ಸಾಬ್‌ನನ್ನು ಅಡುಗೆಮನೆಯ ಹಿಂದಕ್ಕೆ ಕರೆದು, "ಸಾಬ್ರೇ, ಕಾಲ ಸರಿ ಇಲ್ಲ. ಮಗಳು ಅಲ್ಲಿ ಅವಳೆ ಅಂತ ಯಾರತ್ರನೂ ಬಾಯಿ ಬುಡಬ್ಯಾಡಿ. ನೌಕರಿ ಇನ್ನ ಮೂರು ವರ್ಷ ಐತೆ ನಿಮಗೆ" ಅಂದ. ಒಳ್ಳೆಯದಕ್ಕೇ ಹೇಳಿದ್ದು. ಹಬೀಬ್ ಸಾಬ್ ತಲೆಯಾಡಿಸಿದ.

ಅದೇ ವರ್ಷ ಅಕ್ಟೋಬರಿನಲ್ಲಿ ಓವರ್‌ಸಿಯರ್ ತಿಮ್ಮರಾಯಪ್ಪ ಒಂದು ಆರ್ಡರು ಹಿಡಿದುಕೊಂಡು ಬಂದ. ದೇಶದಲ್ಲಿ ಧಾನ್ಯದ ಕೊರತೆ, ಸರ್ಕಾರಿ ಬಂಗಲೆಗಳ ಹುಲ್ಲು, ಹೂವು ಎಲ್ಲ ಅಗೆದು ತಿನ್ನುವ ಬೆಳೆ ಹಾಕಬೇಕು ಅಂತ ಅದರಲ್ಲಿತ್ತು.

"ಹದಿನಾಲ್ಕನೇ ತಾರೀಕು ದೊಡ್ಡ ಸಾಹೇಬ್ರು ಬರ್ತಾರೆ. ಅಷ್ಟೊತ್ತಿಗೆ ಆಗಿರಬೇಕು" ಅಂದ ತಿಮ್ಮರಾಯಪ್ಪ.

"ಹುಲ್ಲು ಅಗೀತೀನಿ ಸ್ವಾಮಿ. ಮಿಕ್ಕಿದ್ದೆಲ್ಲ ತಿನ್ನೋದೇ ಅಲ್ವಾ?" ಅಂದ ಹಬೀಬ್ ಸಾಬ್. ಒಂದೊಂದೇ ಪಾತಿ ತೋರಿಸುತ್ತಾ ಬಾವಿಯವರೆಗೆ ಕರೆದುಕೊಂಡು ಹೋದ.

ತಿಮ್ಮರಾಯಪ್ಪ ಗುಲಾಬಿ ಗಿಡಗಳ ಮುಂದೆ ನಿಂತ. "ಇದು?"

"ಇದೂ ತಿನ್ನೋದೇ ಸ್ವಾಮಿ."

"ಏನು ತಿಂತೀಯಪ್ಪ, ಮುಳ್ಳಾ? ಒಂದು ಹೂವೂ ಇಲ್ವಲ್ಲೋ. ಬಾವಿ ಪಕ್ಕದ ಜಾಗ, ಇಲ್ಲಿ ಬದನೆ ಹಾಕಿದ್ರೆ ಹೆಂಗೆ ಬರ್ತದೆ ಗೊತ್ತಾ?" ಸ್ವಲ್ಪ ಹೊತ್ತು ಯೋಚಿಸಿ, "ಹೋಗ್ಲಿ, ಸಾಹೇಬ್ರು ಬಂದಾಗ ನೀನೇ ತೋರಿಸು. ಅವರು ಒಪ್ಪಿದ್ರೆ ಉಳೀಲಿ, ಇಲ್ದಿದ್ರೆ ಅವತ್ತೇ ಕಿತ್ತಾಕು" ಅಂದ.

ಆಗ ಚಾಂದ್ ಬಿ ಮನೆಯಲ್ಲಿರಲಿಲ್ಲ. ಸಿರಾದಲ್ಲಿ ಅವಳ ತಮ್ಮ ಹುಸೇನ್ ಸಾಬ್‌ಗೆ ಟೈಫಾಯ್ಡ್ ಬಂದು ನೋಡಿಕೊಳ್ಳಲು ಹೋಗಿದ್ದಳು. ಹುಸೇನ್ ಸಾಬ್ ದರ್ಜಿ, ಹೆಂಡತಿ ತೀರಿಕೊಂಡಿದ್ದಳು, ಇವಳನ್ನು ಬಿಟ್ಟರೆ ನೋಡುವವರಿರಲಿಲ್ಲ. ಹಬೀಬ್ ಸಾಬ್ ಸಂಜೀವಯ್ಯನ ಹತ್ತಿರ ಯೋಚನೆ ಹೇಳಿಕೊಂಡ. ಸಂಜೀವಯ್ಯ, "ತೋಟಾನೇ ಅಡುಗೆ ಮಾಡಿ ಬಡಿಸಾನ. ತಿಂದ ಮ್ಯಾಕೆ ಇದು ಬೆಳೆ ಅಲ್ಲ ಅಂತ ಹೆಂಗಂತಾರೆ?" ಅಂದ.

ಹದಿನಾಲ್ಕನೇ ತಾರೀಕು ಮಧ್ಯಾಹ್ನ ಸಾಹೇಬರ ಊಟಕ್ಕೆ ಬಸಳೆಯ ಸಾರು, ಕೆಂಪು ದಂಟಿನ ಪಲ್ಯ, ಕೋಳಿಜುಟ್ಟಿನ ಎಲೆಯ ಮಸ್ಸೊಪ್ಪು, ದೊಡ್ಡಪತ್ರೆ ಬಜ್ಜಿ ಆಯಿತು. ಗುಲಾಬಿಯದು ಮಾತ್ರ ಏನೂ ಇರಲಿಲ್ಲ. ಹೂವಿನ ಕಾಲಕ್ಕೆ ಇನ್ನೂ ಮೂರು ನಾಲ್ಕು ತಿಂಗಳಿತ್ತು. ಹಬೀಬ್ ಸಾಬ್ ಮನೆಯೊಳಗೆ ಹೋಗಿ ಜಾಡಿಯ ಮುಂದೆ ನಿಂತ. ಎರಡು ಚಮಚ ತೆಗೆದರೆ ಗೊತ್ತಾಗುವುದಿಲ್ಲ, ಮಗಳು ನೆಟ್ಟ ಗಿಡ ಉಳಿಯುತ್ತದೆ ಅಂದುಕೊಂಡ. ಜಾಡಿಯಿಂದ ಬಟ್ಟಲಿಗೆ ಹಾಕಿಕೊಂಡು ಹೋಗಬಹುದಿತ್ತು. ಆದರೆ ಇಷ್ಟು ಮಾಡಿಟ್ಟಿದ್ದೇವೆ ಅಂತ ತೋರಿಸಿದರೆ ಮಾತಿಗೆ ತೂಕ ಬರುತ್ತದೆ ಅನ್ನಿಸಿತು. ಜಾಡಿಯನ್ನೇ ಎತ್ತಿಕೊಂಡು ಹೋದ.

ಸಾಹೇಬರು ಬಿಳಿ ಮೀಸೆಯ, ಮೆತ್ತನೆ ಮಾತಿನ ಮನುಷ್ಯರು. ಊಟ ಮಾಡುತ್ತಾ ಒಂದೊಂದೂ ಯಾವ ಗಿಡದ್ದು ಅಂತ ಕೇಳಿದರು, ಕಿಟಕಿಯಿಂದ ಗಿಡ ನೋಡಿದರು, ನಕ್ಕರು. ಕೊನೆಗೆ ಗುಲ್ಕಂದ್ ಬಾಯಿಗಿಟ್ಟುಕೊಂಡರು. ಇನ್ನೊಂದು ಚಮಚ ಹಾಕಿಸಿಕೊಂಡರು.

"ಯಾವ ಅಂಗಡಿಯದು ಇದು?"

"ಅಂಗಡಿಯದಲ್ಲ ಸ್ವಾಮಿ. ಬಾವಿ ಹತ್ತಿರ ಇದ್ಯಲ್ಲ, ಆ ಗಿಡದ್ದು. ನಮ್ಮ ಮನೆಯವಳು ಮಾಡಿದ್ದು."

"ಅದನ್ನ ಕೀಳೋ ಹಾಗಿಲ್ಲ ತಿಮ್ಮರಾಯಪ್ಪ. ಆಹಾರದ ಗಿಡ ಅಂತಲೇ ಬರೆದುಕೊಳ್ಳಿ" ಅಂದರು ಸಾಹೇಬರು. ಆಮೇಲೆ ಜಾಡಿ ನೋಡುತ್ತಾ, "ನಮ್ಮ ತಾಯಿಗೆ ಎಂಬತ್ತು ವರ್ಷ. ಉಷ್ಣಕ್ಕೆ ಬಾಯೆಲ್ಲ ಹುಣ್ಣು, ಅನ್ನ ಸೇರಲ್ಲ. ಇಂಥದ್ದು ಎಲ್ಲೂ ಸಿಕ್ಕಿರಲಿಲ್ಲ. ಇದನ್ನ ಯಾರಿಗಾದರೂ ಅಂತ ಇಟ್ಟಿದ್ದೀಯೇನಪ್ಪ?" ಅಂತ ಕೇಳಿದರು.

ಕಿತ್ತುಕೊಳ್ಳುವ ದನಿಯಲ್ಲ ಅದು. ಮಗಳಿಗೆ ಅಂತ ಇಟ್ಟಿದ್ದೇನೆ ಅಂದಿದ್ದರೆ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಆದರೆ ಮಗಳು ಅಂದರೆ ಯಾವೂರಲ್ಲಿದ್ದಾಳೆ ಅನ್ನುವ ಮಾತು ಬರುತ್ತದೆ. ಪಕ್ಕದಲ್ಲೇ ತಿಮ್ಮರಾಯಪ್ಪ ನಿಂತಿದ್ದ. ಹಬೀಬ್ ಸಾಬ್‌ಗೆ ಪೊಲೀಸಿನವನ ಮುಖ ಕಣ್ಣ ಮುಂದೆ ಬಂತು.

"ಯಾರಿಗೂ ಇಲ್ಲ ಸ್ವಾಮಿ" ಅಂದ. ಅಷ್ಟೇ ಸಾಕಿತ್ತು. ಅದರ ಹಿಂದೆಯೇ ಬಾಯಿಂದ ಇನ್ನೊಂದು ಮಾತು ಬಂದುಬಿಟ್ಟಿತು. "ನಮಗೆ ಅಂಥೋರು ಯಾರೂ ಇಲ್ಲ."

ಪಾತ್ರೆ ಹಿಡಿದು ನಿಂತಿದ್ದ ಸಂಜೀವಯ್ಯ ತಲೆ ತಗ್ಗಿಸಿದ. ಸಾಹೇಬರು ಜಾಡಿಯನ್ನು ಜೀಪಿನಲ್ಲಿ ತಮ್ಮ ಕಾಲ ಹತ್ತಿರವೇ ಜೋಪಾನವಾಗಿ ಇರಿಸಿಕೊಂಡು ಹೋದರು.

ನಾಲ್ಕು ದಿನ ಬಿಟ್ಟು ಚಾಂದ್ ಬಿ ಬಡವನಹಳ್ಳಿ ಮೇಲಿನ ಬಸ್ಸಿನಲ್ಲಿ ಬಂದಿಳಿದಳು. ಮನೆಯೊಳಗೆ ಕಾಲಿಟ್ಟವಳು ಇನ್ನೂ ಗಂಟು ಕೆಳಗಿಡುವ ಮುಂಚೆಯೇ ಜಾಡಿ ಇಡುತ್ತಿದ್ದ ಗೋಡೆಯ ಗೂಡಿನ ಕಡೆ ನೋಡಿದಳು.

"ಜಾಡಿ ಎಲ್ಲಿ?"

ಹಬೀಬ್ ಸಾಬ್ ಏನೂ ಮುಚ್ಚಿಡಲಿಲ್ಲ. ಸಾಹೇಬರು ಕೇಳಿದ್ದು, ತಾನು ಹೇಳಿದ್ದು, ಎರಡನೇ ಮಾತನ್ನೂ ಸೇರಿಸಿ ಎಲ್ಲ ಹೇಳಿದ. ಹೆಂಡತಿಗೆ ಯಾವುದನ್ನೂ ಬಚ್ಚಿಟ್ಟು ಅಭ್ಯಾಸವಿಲ್ಲದವನು. ಕೊನೆಗೆ, "ಗಿಡ ಉಳೀತಲ್ಲ. ಮಗಳು ನೆಟ್ಟಿದ್ದು. ಹೂವಿನ ಕಾಲಕ್ಕೆ ಮತ್ತೆ ಮಾಡಿದರಾಯ್ತು" ಅಂದ.

ಚಾಂದ್ ಬಿ ಗೋಡೆಗೊರಗಿ ಕೂತಳು.

"ಗಿಡ ಹೋಗಿದ್ರೆ ಏನಾಗ್ತಿತ್ತು ಜೀ? ನಮ್ಮಪ್ಪನ ಹಿತ್ತಲಲ್ಲಿ ಇನ್ನೂ ಇದೆ. ಕಡ್ಡಿ ತಂದು ಬೇರೆ ಕಡೆ ನೆಡ್ತಿದ್ದೆ. ಜಾಡಿ ತಳದಲ್ಲಿದ್ದದ್ದು ಅವಳ ಕೈದು. ಅದನ್ನ ಎಲ್ಲಿಂದ ತರ್ಲಿ?"

ಹಬೀಬ್ ಸಾಬ್ ಅವಳ ಗಂಟು ಎತ್ತಿ ಮೂಲೆಗಿಟ್ಟ.

"ಹೋಗ್ಲಿ, ತಿನ್ನೋ ವಸ್ತು, ಹೋಯ್ತು. ಯಾರೂ ಇಲ್ಲ ಅಂದ್ರಾ?"

"ಹೆದರಿಕೆ ಆಯ್ತು ಚಾಂದ್."

"ಆಗಿರುತ್ತೆ" ಅಂದಳು. ಎದ್ದು ಹೋಗಿ ಒಲೆ ಹಚ್ಚಿದಳು. ಜಗಳವಾಡಲಿಲ್ಲ, ಅಳಲಿಲ್ಲ. ಅವನಿಗೆ ಬಡಿಸಿ, ತಾನು ಆಮೇಲೆ ಒಬ್ಬಳೇ ಉಂಡಳು. ಅವತ್ತಿನಿಂದ ಜೊತೆಯಲ್ಲಿ ಕೂತು ಉಣ್ಣುವುದೂ ನಿಂತಿತು. ಬೇಕು, ಬೇಡ, ನೀರು ಕಾದಿದೆ, ಬಸ್ಸು ಬಂತು, ಇಷ್ಟೇ ಮಾತು.

ಒಂದು ತಿಂಗಳಾದ ಮೇಲೆ ಸಾಹೇಬರು ಜಾಡಿಯನ್ನು ತೊಳೆಸಿ ವಾಪಸು ಕಳಿಸಿದರು. ಅಮ್ಮನಿಗೆ ಬಾಯಿ ವಾಸಿಯಾಗಿ ಅನ್ನ ಉಣ್ಣುತ್ತಿದ್ದಾರೆ ಅಂತ ಒಂದು ಚೀಟಿ, ಜೊತೆಗೆ ಎರಡು ಸೇರು ಸಕ್ಕರೆ. ಚಾಂದ್ ಬಿ ಸಕ್ಕರೆಯನ್ನು ಸಂಜೀವಯ್ಯನ ಮನೆಗೆ ಕಳಿಸಿದಳು. ಆ ಮುದುಕಿಗೆ ವಾಸಿಯಾದದ್ದು ಒಳ್ಳೆಯದಾಯಿತು ಅಂದಳು, ಮನಸ್ಸಿನಿಂದಲೇ ಅಂದಳು.

ಆ ವರ್ಷ ಗುಲಾಬಿ ಹಿಂದೆಂದೂ ಬಿಡದ ಹಾಗೆ ಬಿಟ್ಟಿತು. ಹುಲ್ಲು ಅಗೆದ ಕಡೆಯೆಲ್ಲ ಬದನೆ, ಮೆಣಸಿನ ಗಿಡ ಬೆಳೆದು, ಬಾವಿಯ ಹತ್ತಿರ ಒಂದೇ ಕಡೆ ಆ ಹೂವಿನ ರಾಶಿ. ಚಾಂದ್ ಬಿ ನೀರು ಸೇದಲು ಹೋದಾಗಲೂ ಆ ಕಡೆ ತಿರುಗಲಿಲ್ಲ. ಹಬೀಬ್ ಸಾಬ್ ತಾನೇ ಹೂ ಬಿಡಿಸಿದ. ಬೆಲ್ಲದ ಚಹಾ ಕುಡಿದು ತಾನೇ ಉಳಿಸಿದ್ದ ಸಕ್ಕರೆ ಹಾಕಿ ಕಿವುಚಿ ಜಾಡಿ ತುಂಬಿ ಬಿಸಿಲಿಗಿಟ್ಟ. ಇಬ್ಬನಿ ಆರುವವರೆಗೆ ಕಾಯಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಮರೆತಿದ್ದ. ಹತ್ತು ದಿನಕ್ಕೆ ಬೂಷ್ಟು ಬಂತು. ಚಾಂದ್ ಬಿ ಬಾಗಿಲಲ್ಲಿ ನಿಂತು ನೋಡಿದಳು. ಅವನು ಅದನ್ನು ಗುಲಾಬಿಯ ಬುಡಕ್ಕೇ ಮಗುಚಿ ಮಣ್ಣು ಮುಚ್ಚಿದ.

ಯುದ್ಧ ನಿಂತು ಎಷ್ಟೋ ತಿಂಗಳಾದ ಮೇಲೆ ಟಪಾಲು ಮತ್ತೆ ಓಡಾಡತೊಡಗಿತು. ಅರವತ್ತಾರರ ಮುಂಗಾರಿನಲ್ಲಿ ಒಂದು ಬೆಳಿಗ್ಗೆ ಹುಸೇನ್ ಸಾಬ್ ಹೇಳದೆ ಕೇಳದೆ ಸಿರಾದಿಂದ ಬಂದ. ನಿಯಾಜ್ ಅವನ ವಿಳಾಸಕ್ಕೆ ಕಾಗದ ಬರೆದಿದ್ದ. ಅಕ್ಕ ಭಾವ ಇಬ್ಬರಿಗೂ ಉರ್ದು ಓದಲು ಬರುತ್ತಿರಲಿಲ್ಲ. ಹುಸೇನ್ ಸಾಬ್ ಚಾಪೆಯ ಮೇಲೆ ಕೂತು, ಕಾಗದ ಬಿಚ್ಚಿ, ಓದಲಾರದೆ ಮಡಿಸಿ, "ಅಕ್ಕಾ, ನಮ್ಮ ಕುಲ್ಸುಮ್ ಇಲ್ಲ" ಅಂದ.

ಎರಡನೇ ಹೆರಿಗೆ. ಮಗುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ತಿಳಿಸಲು ದಾರಿ ಇರಲಿಲ್ಲ, ಕ್ಷಮಿಸಿ ಅಂತ ನಿಯಾಜ್ ಬರೆದಿದ್ದ. ಚಿಕ್ಕ ಹುಡುಗನನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಶರ್ಫುನ್ನೀಸಾ ಅನ್ನುವವಳನ್ನು ನಿಕಾ ಮಾಡಿಕೊಂಡಿದ್ದೇನೆ ಅಂತಲೂ ಬರೆದಿದ್ದ.

ಚಾಂದ್ ಬಿ ಕೇಳಿದಳು. "ಯಾವ ತಾರೀಕು?"

"ಅಕ್ಟೋಬರ್ ಮೂರು."

ಹಬೀಬ್ ಸಾಬ್‌ಗೆ ಆ ಕ್ಷಣ ಆದದ್ದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ. ಮಗಳು ಹೋದ ಸಂಕಟದ ನಡುವೆಯೇ, ಜಾಡಿ ಇದ್ದಿದ್ದರೂ ತಿನ್ನುವವಳು ಇರುತ್ತಿರಲಿಲ್ಲ ಅನ್ನುವ ಯೋಚನೆ ಬಂದು, ಒಂದು ಗಳಿಗೆ ಎದೆ ಹಗುರಾಯಿತು. ಹಗುರಾದದ್ದು ತನಗೂ ತಿಳಿಯಿತು.

ಚಾಂದ್ ಬಿ ಬೆರಳು ಮಡಿಸುತ್ತಿದ್ದಳು. ಮೂರರಿಂದ ಹದಿನಾಲ್ಕಕ್ಕೆ ಹನ್ನೊಂದು ದಿನ.

"ಹಂಗಾದ್ರೆ ನೀವು ಸಾಹೇಬ್ರಿಗೆ ಹೇಳಿದ್ದು ಸುಳ್ಳಲ್ಲ ಬಿಡಿ" ಅಂದಳು ಗಂಡನಿಗೆ. ಚುಚ್ಚುವ ಮಾತಾಗಿರಲಿಲ್ಲ. ಲೆಕ್ಕ ಸರಿಯಾಯಿತು ಅನ್ನುವ ಹಾಗೆ ಹೇಳಿದಳು. ಹಬೀಬ್ ಸಾಬ್ ಎದ್ದು ಹೊರಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತ. ಸಂಜೀವಯ್ಯ ಬಂದು ಏನಾಯ್ತು ಸಾಬ್ರೇ ಅಂತ ಭುಜ ಹಿಡಿದ.

ಆಮೇಲೆ ಚಾಂದ್ ಬಿ, ಮಕ್ಸೂದ್‌ಗೆ ತಾಯಿಯ ನೆನಪು ಉಳಿಯಬೇಕು ಅಂತ ಹಟ ಹಿಡಿದಳು. ಎರಡು ತಿಂಗಳಿಗೊಮ್ಮೆ ಸಿರಾಕ್ಕೆ ಹೋಗಿ ತಮ್ಮನ ಕೈಲಿ ಮೊಮ್ಮಗನಿಗೆ ಕಾಗದ ಬರೆಸಿದಳು. ನಿನ್ನ ಅಮ್ಮ ಹೀಗೆ ಓಡುತ್ತಿದ್ದಳು, ಹೀಗೆ ನಗುತ್ತಿದ್ದಳು, ಇಪ್ಪತ್ತನೇ ದಿನಕ್ಕೇ ಬೆರಳು ಅದ್ದುತ್ತಿದ್ದಳು ಅಂತ. ಎಂಟು ಕಾಗದ ಹೋದವು. ಅರವತ್ತೇಳರ ಕೊನೆಗೆ ಉತ್ತರ ಬಂತು. ನಿಯಾಜ್ ಬರೆದದ್ದಲ್ಲ, ಶರ್ಫುನ್ನೀಸಾ ಬರೆದದ್ದು. ಹುಸೇನ್ ಸಾಬ್ ಅದನ್ನು ನಿಧಾನವಾಗಿ ಓದಿದ.

ಅಮ್ಮೀ, ನಾನು ನಿಮ್ಮನ್ನು ನೋಡಿಲ್ಲ, ಆದರೂ ಅಮ್ಮೀ ಅನ್ನುತ್ತೇನೆ. ಹುಡುಗ ಒಂದು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ. ಈಗ ಮಾಡುತ್ತಾನೆ. ಈಗ ನನ್ನನ್ನೇ ಅಮ್ಮ ಅನ್ನುತ್ತಾನೆ. ನಿಮ್ಮ ಕಾಗದ ಓದಿ ಹೇಳಿದ ದಿನ ಮತ್ತೆ ಜ್ವರ ಬರುತ್ತದೆ. ದೊಡ್ಡವನಾದ ಮೇಲೆ ನಾನೇ ಎಲ್ಲ ಹೇಳುತ್ತೇನೆ. ಅಲ್ಲಿಯವರೆಗೆ ಬರೆಯಬೇಡಿ ಅಂತ ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

"ಏನಂತ ಬರೀಲಿ ಅಕ್ಕಾ?" ಅಂದ ಹುಸೇನ್ ಸಾಬ್.

"ಏನೂ ಬೇಡಪ್ಪ. ಮಗು ನಿದ್ದೆ ಮಾಡ್ತಿದೆಯಂತಲ್ಲ" ಅಂದಳು ಚಾಂದ್ ಬಿ.

ಮತ್ತೆ ಬರೆಸಲಿಲ್ಲ.

ಅರವತ್ತೆಂಟರಲ್ಲಿ ಹಬೀಬ್ ಸಾಬ್‌ಗೆ ನೌಕರಿ ಮುಗಿಯಿತು. ಸಾಹೇಬರ ಮಾತು ಕಡತದಲ್ಲಿ ಇದ್ದದ್ದರಿಂದ ಗುಲಾಬಿ ಪಾತಿಯನ್ನು ಹೊಸ ಮಾಲಿಯೂ ಕೀಳಲಿಲ್ಲ. ಗಂಡ ಹೆಂಡತಿ ಸಿರಾಕ್ಕೆ ಬಂದು ಹುಸೇನ್ ಸಾಬ್‌ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದರು. ಚಾಂದ್ ಬಿ ತಮ್ಮನಿಗೆ ಗುಂಡಿ ಹಾಕಿ, ಕಾಜ ಹೊಲಿದು ಕೊಡುತ್ತಿದ್ದಳು. ಹಬೀಬ್ ಸಾಬ್ ಬಾಗಿಲಲ್ಲಿ ಕೂತು ಹೋಗಿ ಬರುವವರನ್ನು ನೋಡುತ್ತಿದ್ದ.

ಮಾರನೇ ವರ್ಷ ಚಳಿಗಾಲದಲ್ಲಿ ಅವನಿಗೆ ನ್ಯುಮೋನಿಯಾ ಆಯಿತು. ಡಾಕ್ಟರು ಕಷ್ಟ ಅಂದರು. ಚಾಂದ್ ಬಿ ಹದಿನೈದು ದಿನ ಪಕ್ಕ ಬಿಟ್ಟು ಏಳಲಿಲ್ಲ. ಎದೆಗೆ ಶಾಖ ಕೊಟ್ಟಳು, ಮೈ ಒರೆಸಿದಳು, ಚಮಚದಲ್ಲಿ ನೀರು ಹಾಕಿದಳು. ಒಂದು ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಅವಳು ಕಿಟಕಿಯ ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಚಾಂದ್, ನನ್ನ ಮಾಫ್ ಮಾಡಿಬಿಡು" ಅಂದ.

ಅವಳು ದಾರ ಪೋಣಿಸಿ ಮುಗಿಸಿದಳು.

"ಅದು ಯಾವತ್ತೋ ಮಾಡಾಯ್ತು ಜೀ. ಮಾಡಿದ್ರೆ ನೋವು ಹೋಗುತ್ತೆ ಅಂದ್ಕೊಂಡಿದ್ದೆ. ಹೋಗ್ಲಿಲ್ಲ. ನಾನೇನು ಮಾಡ್ಲಿ?"

ಹಬೀಬ್ ಸಾಬ್ ಆ ಕಾಯಿಲೆಯಲ್ಲಿ ಸಾಯಲಿಲ್ಲ. ಅವತ್ತು ಮಧ್ಯಾಹ್ನ ಎದ್ದು ಗೋಡೆಗೊರಗಿ ಕೂತು, ಅವಳು ತಂದುಕೊಟ್ಟ ಗಂಜಿಯನ್ನು ತಾನೇ ಹಿಡಿದುಕೊಂಡು ಕುಡಿದ. ಅವಳೂ ಒಂದು ಲೋಟ ಬಗ್ಗಿಸಿಕೊಂಡು ಅವನ ಪಕ್ಕ ಕೂತಳು.